ಬೆಲ್ಲಾ ಅಜ್ಜಿಯ ಪುಸ್ತಕ, ಅಕ್ಕನ ಮಾತು

ಮ್ಯಾನ್‌ಹೈಮ್

ಮ್ಯಾನ್‌ಹೈಮಿನ ನಡುಪೇಟೆಯಲ್ಲಿ ಬೀದಿಗಳಿಗೆ ಹೆಸರಿಲ್ಲ. ಊರನ್ನು ಚದುರಂಗದ ಮಣೆಯ ಹಾಗೆ ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೂ ಒಂದು ಅಕ್ಷರ, ಒಂದು ಅಂಕಿ ಕೊಟ್ಟುಬಿಟ್ಟಿದ್ದಾರೆ. ನಾನು ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಗಣಿತ ಕಲಿಸಿದವಳು. ಅಕ್ಷರ, ಅಂಕಿ ಎರಡೂ ಇದ್ದಮೇಲೆ ದಾರಿ ತಪ್ಪುವ ಮಾತೇ ಇಲ್ಲ ಎಂಬ ಜಂಬವಿತ್ತು. ಬಂದ ಮರುದಿನವೇ ಬ್ರೆಡ್ ತರಲು ಹೋಗಿ ಕಳೆದುಹೋದೆ.

ಒಂದೇ ಔಷಧಿ ಅಂಗಡಿಯ ಮುಂದೆ ಮತ್ತೆ ಮತ್ತೆ ಹಾದುಹೋಗುತ್ತಿದ್ದಾಗ, ಉದ್ದ ಕೋಟಿನ ಮುದುಕಿಯೊಬ್ಬಳು ನನ್ನ ತೋಳು ಹಿಡಿದು ನಿಲ್ಲಿಸಿದಳು. "ಗಿರಿಜಾ?" ಎಂದಳು. ನನ್ನ ಮುಖದಲ್ಲಿ ಅವಳಿಗೆ ನಮ್ಮಕ್ಕ ಕಂಡಿದ್ದಳು. ವಿಮಾನದಲ್ಲಿ ಬಾಯಿಪಾಠ ಮಾಡಿದ್ದ ನಾಲ್ಕಾರು ಜರ್ಮನ್ ಪದಗಳಲ್ಲಿ ಒಂದನ್ನು ಹುಡುಕಿ, "ಷ್ವೆಸ್ಟರ್" ಎಂದೆ. ತಂಗಿ ಅಂತ. ಅವಳು ತನ್ನ ಎದೆ ಮುಟ್ಟಿಕೊಂಡು, "ಬೆಲ್ಲಾ" ಎಂದಳು. ಗದಗಿನಲ್ಲಿ ಹುಟ್ಟಿದವಳ ಎದುರು, ಪರದೇಶದ ಬೀದಿಯಲ್ಲಿ, ಒಬ್ಬರು ಬೆಲ್ಲ ಎಂದರೆ ಹೇಗಾಗಬೇಡ! ನಕ್ಕುಬಿಟ್ಟೆ. ಯಾಕೆಂದು ತಿಳಿಯದೆ ಅವಳೂ ನಕ್ಕಳು. ನನ್ನನ್ನು ಅಕ್ಕನ ಮನೆ ಬಾಗಿಲಿಗೆ ಮುಟ್ಟಿಸಿ, ಅದೇ ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ತನ್ನ ಮನೆಗೆ ಹೋದಳು.

ನಾನು ಊರು ನೋಡಲು ಹೋದವಳಲ್ಲ. ಗಿರಿಜಕ್ಕ ನಲವತ್ತು ವರ್ಷದ ಹಿಂದೆ ರಸಾಯನಶಾಸ್ತ್ರ ಓದಲು ಬಂದು, ಇಲ್ಲಿನ ಡೀಟರ್ ಎಂಬುವನನ್ನು ಮದುವೆಯಾಗಿ ಇಲ್ಲಿಯೇ ನಿಂತವಳು. ಹೋದ ಚಳಿಗಾಲದಲ್ಲಿ ಡೀಟರ್ ತೀರಿಕೊಂಡ. ಅವರ ಒಬ್ಬಳೇ ಮಗಳು ಲೀಲಾ ನ್ಯೂರೆಂಬರ್ಗಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಬರುವ ಕನ್ನಡವೆಂದರೆ 'ಚಿಗವ್ವ' ಎಂಬ ಒಂದು ಪದ, ಅದು ನಾನು. ಆಗಸ್ಟಿನಲ್ಲಿ ಫೋನು ಮಾಡಿ ಇಂಗ್ಲಿಷಿನಲ್ಲಿ ಹೇಳಿದಳು: "ಚಿಗವ್ವ, ಮಮ್ಮ ಒಂದು ಸಲವೂ ಅತ್ತಿಲ್ಲ. ಮಣ್ಣು ಮಾಡಿದ ದಿನದ ನಂತರ ಪಪ್ಪನ ಸಮಾಧಿಗೆ ಹೋಗಿಲ್ಲ. ನನ್ನ ಹತ್ತಿರ ಹವಾಮಾನದ ವಿಷಯ ಬಿಟ್ಟು ಏನೂ ಮಾತಾಡುವುದಿಲ್ಲ. ನೀವು ಬರ್ತೀರಾ?"

ಬಂದು ನೋಡಿದರೆ ಲೀಲಾ ಹೇಳಿದ್ದು ಖರೆ. ಅಕ್ಕ ಏಳುತ್ತಿದ್ದಳು, ಉಣ್ಣುತ್ತಿದ್ದಳು, ಕಸವನ್ನು ಬಣ್ಣಬಣ್ಣದ ಡಬ್ಬಿಗಳಿಗೆ ಬೇರೆ ಬೇರೆ ಹಾಕುತ್ತಿದ್ದಳು. ಡೀಟರ್‌ನ ಬೂಟುಗಳು ಬಾಗಿಲ ಬಳಿ ಇದ್ದಲ್ಲೇ ಇದ್ದವು. "ಶಾಂತಾ, ನೀನು ವಿಶ್ರಾಂತಿ ತೆಗೆದುಕೋ. ನಾನು ಅಬೆಂಡ್‌ಬ್ರೋಟ್ ತಯಾರಿಸುತ್ತೇನೆ" ಎನ್ನುತ್ತಿದ್ದಳು. ಅಬೆಂಡ್‌ಬ್ರೋಟ್ ಎಂದರೆ ರಾತ್ರಿಯ ತಣ್ಣನೆಯ ಬ್ರೆಡ್ಡು, ಚೀಸು. ಊಟ ತಣ್ಣಗಿದ್ದುದಕ್ಕೆ ನನಗೆ ಬೇಸರವಿರಲಿಲ್ಲ, ಮಾತು ತಣ್ಣಗಿತ್ತು. ಗದಗಿನ ಓಣಿಯಲ್ಲಿ 'ಏ ಹುಚ್ಚಿ, ಎಲ್ಲಿ ಸತ್ತಿದ್ದೆ?' ಎಂದು ನನ್ನನ್ನು ಮನೆಗೆ ಕರೆಯುತ್ತಿದ್ದ ಹುಡುಗಿ, ಈಗ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಕನ್ನಡ ಆಡುತ್ತಿದ್ದಳು.

ಬೆಲ್ಲಾ ಅಜ್ಜಿಯ ಅಡುಗೆಮನೆ

ಗುರುವಾರ ಸಂಜೆ ಅಕ್ಕ ತಲೆ ಬಾಚಿಕೊಂಡು, "ಮೇಲೆ ಹೋಗುತ್ತೇನೆ, ಬಾ" ಎಂದಳು. ವಾರಕ್ಕೊಮ್ಮೆ ಅವಳು ಹೋಗುತ್ತಿದ್ದುದು ಅದೊಂದೇ ಕಡೆ.

ಬೆಲ್ಲಾ ಅಜ್ಜಿ ಒಡೆಸ್ಸಾದವಳು, ಯೆಹೂದಿ. ನಡುವಯಸ್ಸಿನಲ್ಲಿ ಗಂಡನೊಡನೆ ಜರ್ಮನಿಗೆ ಬಂದವಳು, ಈಗ ಒಬ್ಬಳೇ. ಡೀಟರ್ ಆಸ್ಪತ್ರೆಯಲ್ಲಿದ್ದಾಗ ಅಕ್ಕನಿಗೆ ದಿನವೂ ಸೂಪು ತಂದುಕೊಟ್ಟಿದ್ದಳಂತೆ. ಎಲ್ಲ ಮುಗಿದ ಮೇಲೆ ಒಂದು ದಿನ ಬಂದು, "ನನ್ನ ಕಣ್ಣು ಮಂಜಾಗಿದೆ. ನನ್ನ ಪುಸ್ತಕ ಓದಿ ಹೇಳುವವರು ಬೇಕು" ಎಂದಳಂತೆ. ದೇವರು ದಿಂಡರು ಎಂದರೆ ಮೂಗು ಮುರಿಯುವ ಅಕ್ಕ ಒಪ್ಪಿದಳು. ಯಾರದೋ ಬರಹ ಗಟ್ಟಿಯಾಗಿ ಓದುತ್ತಿದ್ದರೆ ತಾನು ಮಾತಾಡುವ ಅಗತ್ಯ ಬೀಳುವುದಿಲ್ಲವಲ್ಲ.

ಅಜ್ಜಿ ಚಹಾದ ಜೊತೆ ಒಂದು ಚಮಚ ಚೆರ್ರಿ ಹಣ್ಣಿನ ಮುರಬ್ಬ ಇಟ್ಟಳು. ಮುರಬ್ಬ ಬಾಯಲ್ಲಿಟ್ಟುಕೊಂಡು ಚಹಾ ಹೀರಬೇಕು. ನಮ್ಮ ಅಜ್ಜ ಬೆಲ್ಲದ ತುಣುಕು ಕಚ್ಚಿಕೊಂಡು ಹೀಗೇ ಕುಡಿಯುತ್ತಿದ್ದ. ಅಜ್ಜಿಯ ಮಾತನ್ನು ಅಕ್ಕ ನನಗೆ ಅನುವಾದಿಸುತ್ತಿದ್ದಳು, ಅದೇ ವಾರ್ತೆಯ ದನಿಯಲ್ಲಿ.

ಮೇಜಿನ ಮೇಲಿದ್ದವು ಯೆಹೂದಿ ಅನುಭಾವಿಗಳ ಬರಹಗಳು, ಜರ್ಮನ್ ಭಾಷೆಗೆ ಇಳಿಸಿದವು. ಕೆಲವು ಎಂಟುನೂರು ವರ್ಷದಷ್ಟು ಹಿಂದೆ, ಇದೇ ರೈನ್ ನದಿಯ ದಂಡೆಯ ಊರುಗಳಲ್ಲಿ ಬದುಕಿದವರದು, ಕೆಲವು ಅವರಿಗಿಂತ ಎಷ್ಟೋ ಕಾಲದ ಮೇಲೆ ಉಕ್ರೇನಿನ ಹಳ್ಳಿಗಳಲ್ಲಿದ್ದ ಗುರುಗಳದು. ದೇವಲೋಕದ ವರ್ಣನೆ ಇರಬೇಕೆಂದುಕೊಂಡಿದ್ದೆ. ಆ ದಿನ ಅಕ್ಕ ಓದಿದ್ದೆಲ್ಲ ಮನುಷ್ಯರ ನಡತೆಯ ಸಂಗತಿ. ಸಿಟ್ಟು ಬಂದಾಗ ಏನು ಮಾಡಬೇಕು, ಹೊಗಳಿಕೆ ಕೇಳಿದಾಗ ಏನು ಮಾಡಬೇಕು. ದೇವರು ತಾನೇ ಎಲ್ಲ ಕಡೆ ತುಂಬಿಕೊಂಡಿದ್ದನಂತೆ, ಜಗತ್ತಿಗೆ ಜಾಗವೇ ಇರಲಿಲ್ಲವಂತೆ. ಅದಕ್ಕೇ ಅವನು ತನ್ನನ್ನು ತಾನು ಕುಗ್ಗಿಸಿಕೊಂಡನಂತೆ. ಮನುಷ್ಯರೂ ಹಾಗೆ ಪಕ್ಕದವರಿಗೆ ಜಾಗ ಬಿಡುವುದನ್ನು ಕಲಿಯಬೇಕಂತೆ. ನನಗೆ ಹುಬ್ಬಳ್ಳಿ ಗದಗ ಬಸ್ಸು ನೆನಪಾಯಿತು. ಮೂವರ ಸೀಟಿನಲ್ಲಿ ನಾಲ್ಕನೆಯವಳಿಗಾಗಿ ಸೀರೆ ಒತ್ತಿಕೊಂಡು ಸರಿಯುವ ಹೆಂಗಸರು. ಹೇಳಿದೆ. ಅಕ್ಕ ಅನುವಾದಿಸಿದಳು. ಅಜ್ಜಿ ಮೇಜು ಬಡಿದು, "ಹೌದು ಹೌದು, ಅದೇ!" ಎಂದಳು.

ಅಜ್ಜಿ ವಾರಕ್ಕೊಂದು ಗುಣ ಹಿಡಿದು ಅಭ್ಯಾಸ ಮಾಡುತ್ತಾಳೆ. ಆ ವಾರದ್ದು ನಾಲಿಗೆ. ಇನ್ನೊಬ್ಬರ ಸಂಗತಿ ಸುಳ್ಳಿದ್ದರಂತೂ ಆಡಲೇಬಾರದು. ನಿಜವಿದ್ದರೂ ಆಡಬಾರದು, ಒಳ್ಳೆಯದಕ್ಕೇ ಆಡುತ್ತೇನೆಂದುಕೊಂಡರೂ ಹತ್ತು ಸಲ ಯೋಚಿಸಬೇಕು. ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಈ ನಿಯಮ ಬಂದಿದ್ದರೆ ಅಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯುತ್ತಿತ್ತು.

ಮುರಬ್ಬದ ತಟ್ಟೆ ಸರಿಸುವಾಗ ನನ್ನ ಕೈ ತಾಗಿ ಒಂದು ಪುಸ್ತಕ ಕೆಳಗೆ ಬಿತ್ತು. ಗಾಬರಿಯಿಂದ ಎತ್ತಿಕೊಂಡವಳು ರೂಢಿಯಂತೆ ಎರಡೂ ಕಣ್ಣಿಗೆ ಒತ್ತಿಕೊಂಡೆ. ಅಜ್ಜಿ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಮುತ್ತಿಟ್ಟಳು. ಅವರಲ್ಲಿ ಬಿದ್ದ ಧರ್ಮಗ್ರಂಥಕ್ಕೆ ಮುತ್ತಿಡುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇದಕ್ಕೆ ಅಕ್ಕ ಅನುವಾದ ಮಾಡಬೇಕಾಗಲಿಲ್ಲ.

ದೇವರ ನಿಜವಾದ ಹೆಸರನ್ನು ಅವರು ಉಚ್ಚರಿಸುವುದಿಲ್ಲ, 'ಆ ಹೆಸರು' ಎಂದಷ್ಟೇ ಅನ್ನುತ್ತಾರೆ. ನಮ್ಮವ್ವ ಅಪ್ಪನ ಹೆಸರು ಹೇಳುತ್ತಿರಲಿಲ್ಲ ಎಂದೆ. ಅಜ್ಜಿಗೆ ಬಹಳ ಖುಷಿಯಾಯಿತು. "ಹಾಗಾದರೆ ಕರೆಯುತ್ತಿದ್ದುದು ಹೇಗೆ?" "ಕರೆಯುತ್ತಲೇ ಇರಲಿಲ್ಲ. ಬಳೆ ಸಪ್ಪಳ ಮಾಡುತ್ತಿದ್ದಳು." ಮದುವೆ ಮುಂಜಿಗಳಲ್ಲಿ ಮಾತ್ರ, ಎಲ್ಲರೂ ಕಾಡಿದ ಮೇಲೆ, ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿ ಸೆರಗು ಮುಚ್ಚಿಕೊಳ್ಳುತ್ತಿದ್ದಳು.

ಆ ಹೆಸರಿನ ಅಕ್ಷರಗಳನ್ನು ಕಣ್ಣೆದುರು ತಂದುಕೊಂಡು, ಉಸಿರು ನಿಧಾನ ಮಾಡಿ ಕೂರುವುದು ಅಜ್ಜಿಯ ಧ್ಯಾನ. ಅವಳು ಕೂತು ತೋರಿಸಿದಳು. ಅಡುಗೆಮನೆಯ ದೀಪದ ಕೆಳಗೆ, ತೊಡೆಯ ಮೇಲೆ ಕೈಯಿಟ್ಟು. ನನಗೆ ಅಪ್ಪ ಕಂಡ. ಬೆಳಗ್ಗೆ ಮಡಿಯುಟ್ಟು, ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ ಅಪ್ಪ. ಆಗ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಅಕ್ಕನ ಕಡೆ ತಿರುಗಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸ್ಪೈಯರ್

ಆ ಹಳೆಯ ಅನುಭಾವಿಗಳ ಊರು ಸ್ಪೈಯರ್, ಮ್ಯಾನ್‌ಹೈಮಿನಿಂದ ರೈಲಿನಲ್ಲಿ ಹತ್ತಿರ. "ಅವರು ಮಿಂದ ನೀರು ಇನ್ನೂ ಇದೆ, ತಂಗಿಗೆ ತೋರಿಸು" ಎಂದು ಅಜ್ಜಿ ಅಕ್ಕನನ್ನು ಹೊರಡಿಸಿದಳು.

ಅದು ಯೆಹೂದಿಗಳ ಶುದ್ಧಿಸ್ನಾನದ ಕೊಳ. ನೆಲದ ಮೇಲೆ ಏನೂ ಕಾಣುವುದಿಲ್ಲ. ಕಲ್ಲಿನ ಮೆಟ್ಟಿಲು ಇಳಿಯುತ್ತಾ ಹೋದರೆ ಕಮಾನು, ಮತ್ತೆ ಕತ್ತಲೆ, ತೀರ ಕೆಳಗೆ ತಣ್ಣನೆಯ ಅಂತರ್ಜಲ. ಮೊದಲ ಮೆಟ್ಟಿಲಲ್ಲೇ ನಾನು ಚಪ್ಪಲಿ ಬಿಟ್ಟೆ. ಬಾಗಿಲಲ್ಲಿದ್ದ ಹೆಂಗಸು ಕಂಗಾಲಾಗಿ ಓಡಿ ಬಂದಳು. ಮೆಟ್ಟಿಲು ಜಾರುತ್ತದೆ, ಹಾಕಿಕೊಳ್ಳಿ ಎಂದು ಅವಳು. ಇಂಥ ಜಾಗದಲ್ಲಿ ಹಾಕಿಕೊಳ್ಳಲಾರೆ ಎಂದು ನಾನು. ಅವಳ ಜರ್ಮನ್, ನನ್ನ ಕನ್ನಡ. ಕಡೆಗೆ ಕಾಲುಚೀಲದಲ್ಲಿ, ಗೋಡೆ ಹಿಡಿದು ಇಳಿಯುವುದೆಂದು ರಾಜಿಯಾಯಿತು.

ಕೆಳಗೆ ನಿಂತಾಗ ಇಬ್ಬರಿಗೂ ಒಂದೇ ನೆನಪು ಬಂದಿರಬೇಕು. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಹೀಗೇ ಮೆಟ್ಟಿಲಿಳಿಯುವ ಹಳೆಯ ಬಾವಿಗಳಿವೆ. ಅಕ್ಕ ಅಪ್ಪನ ಸೈಕಲ್ಲು ಕದ್ದು, ನನ್ನನ್ನು ಹಿಂದೆ ಕೂರಿಸಿಕೊಂಡು ಅಲ್ಲಿಗೆ ತುಳಿಯುತ್ತಿದ್ದಳು. ಸೀಟು ಎತ್ತರ, ಕಾಲು ಎಟುಕದೆ ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ ತುಳಿಯುವುದು. ಬಾವಿಯ ಕಡೆಯ ಮೆಟ್ಟಿಲಿಗೆ ಹೋಗಿ ಕೂಗುವುದು ಅವಳ ಆಟ. ಕೂಗು ಮೇಲಿಂದ ತಿರುಗಿ ಬರುತ್ತಿತ್ತು.

"ಲಕ್ಕುಂಡಿ ನೆಪ್ಪಾತೇನಕ್ಕಾ?" ಎಂದೆ.

ಅಕ್ಕನ ತುಟಿ ಅಲುಗಿತು. ಇನ್ನೇನು ಆ ಹಳೆಯ ಮಾತು ಬಂತು ಎಂದುಕೊಂಡೆ. "ಇಲ್ಲಿ ಛಾಯಾಚಿತ್ರ ತೆಗೆಯಬಹುದು. ಫ್ಲ್ಯಾಶ್ ಬೇಡ" ಎಂದಳು.

ಆ ಸಂಜೆ ಬೆಲ್ಲಾ ಅಜ್ಜಿ ನಮ್ಮಿಬ್ಬರ ಮುಖ ನೋಡಿ ಎದ್ದು ಒಳಗೆ ಹೋದಳು. ಬೇರೊಂದು ಪುಸ್ತಕ ತಂದಳು. ಉಕ್ರೇನಿನ ಗುರುಗಳಲ್ಲಿ ಒಂದು ಅಭ್ಯಾಸವಿತ್ತಂತೆ. ಒಬ್ಬರೇ ಹೊಲಕ್ಕೋ ಕಾಡಿಗೋ ಹೋಗಿ, ದೇವರೊಡನೆ ಗೆಳೆಯನೊಡನೆ ಮಾತಾಡಿದಂತೆ ಬಾಯಿಬಿಟ್ಟು ಮಾತಾಡುವುದು. ಮಂತ್ರವಿಲ್ಲ, ಪ್ರಾರ್ಥನೆಯ ಪವಿತ್ರ ಭಾಷೆಯೂ ಬೇಡ. ತಾಯಿ ಬೈದ ಭಾಷೆಯಲ್ಲೇ ಆಡಬೇಕು.

"ನನಗೆ ದೇವರಿಲ್ಲ, ಬೆಲ್ಲಾ. ಯಾರ ಹತ್ತಿರ ಮಾತಾಡಲಿ?" ಎಂದಳು ಅಕ್ಕ.

"ಮೊದಲು ಮಾತಾಡು. ಯಾರ ಹತ್ತಿರ ಅಂತ ಆಮೇಲೆ ಗೊತ್ತಾಗುತ್ತೆ."

ಅಕ್ಕ ಇದನ್ನು ನನಗೆ ಅನುವಾದಿಸಲಿಲ್ಲ. ನಾನೇ ಎರಡು ಸಲ ಕೇಳಿ ಹೇಳಿಸಿಕೊಂಡೆ.

ಫಾಲ್ಟ್ಸ್ ಕಾಡು

ಭಾನುವಾರ ಮೂವರೂ ಕಾಡಿಗೆ ಹೋದೆವು. ರೈನ್ ಬಯಲಿನ ದ್ರಾಕ್ಷಿತೋಟಗಳು ಮುಗಿದಲ್ಲಿ ಗುಡ್ಡಗಳು ಶುರುವಾಗುತ್ತವೆ. ಕೆಂಪು ಕಲ್ಲು, ಬೀಚ್ ಮರಗಳು, ಕಾಲಡಿಯಲ್ಲಿ ಮುಳ್ಳು ಚಿಪ್ಪಿನ ಚೆಸ್ಟ್‌ನಟ್ ಕಾಯಿಗಳು. ಜರ್ಮನರು ಭಾನುವಾರ ಅಂಗಡಿ ಮುಚ್ಚಿ ಕಾಡಿಗೆ ನಡೆಯುವುದನ್ನು ವ್ರತದಂತೆ ಮಾಡುತ್ತಾರೆ. ನಡೆದವರಿಗೆ ಸೂಪು ಕೊಡುವ ಗುಡಿಸಲ ಹೋಟೆಲು ಅಲ್ಲಿತ್ತು. ಬೆಲ್ಲಾ ಅಜ್ಜಿಗೆ ಏರು ಹತ್ತಲಾಗದು, ಅಲ್ಲಿನ ಬೆಂಚಿನಲ್ಲಿ ಕೂತಳು. ನನ್ನನ್ನು ಎಡಗಡೆಯ ದಾರಿಗೆ, ಅಕ್ಕನನ್ನು ಬಲಗಡೆಯ ದಾರಿಗೆ ಕೈಮಾಡಿ ಕಳಿಸಿದಳು.

ಅಕ್ಕ ಏನು ಮಾಡುತ್ತಾಳೋ ಎಂಬ ಚಿಂತೆಯಲ್ಲಿ, ನಾನೇನು ಮಾಡಬೇಕೆಂದು ಯೋಚಿಸಿರಲಿಲ್ಲ. ಒಂದು ಮರದ ಕೆಳಗೆ ನಿಂತು, "ಶಿವನೇ" ಎಂದೆ. ಮುಂದೇನು? ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತ ಹಾಗಾಯಿತು. "ಶಿವನೇ, ನಾನು ಕ್ಷೇಮ" ಎಂದು ಶುರುಮಾಡಿ, ಮೊಣಕಾಲು ನೋವಿನ ವಿಷಯಕ್ಕೆ ಬರುವಷ್ಟರಲ್ಲಿ, ಎರಡು ಕೈಯಲ್ಲೂ ಕೋಲು ಹಿಡಿದ ದಂಪತಿಗಳು ತಿರುವಿನಲ್ಲಿ ಬಂದು, "ಹಲ್ಲೋ!" ಎಂದರು. ನಾನು ಮರಕ್ಕೆ ಏನೋ ಅಂಟಿದೆಯೆಂಬಂತೆ ತೊಗಟೆ ಕೆರೆಯುತ್ತ ನಿಂತೆ. ಅವರು ಹೋದ ಮೇಲೆ ಇನ್ನೂ ಒಳಗೆ ಹೋದೆ. ಇನ್ನೂ ಒಳಗೆ. ತಿರುಗಿ ನೋಡಿದರೆ ದಾರಿ ಇಲ್ಲ. ಎಲ್ಲ ಕಡೆ ಒಂದೇ ಥರದ ಮರ, ಒಂದೇ ಥರದ ಎಲೆ.

ಎಲ್ಲಿಂದಲೋ ಜಗಳದ ದನಿ ಬಂತು. ಕೆಳಗಿನ ಇಳಿಜಾರಿನಿಂದ. ಒಂದು ಗಳಿಗೆ ನಮ್ಮವ್ವನೇ ಎಂದುಕೊಂಡೆ.

"ನಲವತ್ತ ವರ್ಷ ನಿನ್ನ ಭಾಷಾದಾಗ ನಕ್ಕೇನಿ, ನಿನ್ನ ಭಾಷಾದಾಗ ಜಗಳಾಡೇನಿ. ಕನಸರ ಯಾವ ಭಾಷಾದಾಗ ಬಿದ್ದಾವು? ನಿನ್ನ ಭಾಷಾದಾಗನ! ಈಗ ನೀ ಕೇಳೊ ನನ್ನ ಭಾಷಾ. ಕುಂದುರು, ಕೇಳು! ಊರ ಹೊರಗಿನ ನಮ್ಮ ತ್ವಾಟದಾಗಿನ ಸೇಬಿನ ಗಿಡಾ ಯಾರು ಕತ್ತರಸಬೇಕೊ? ನನಗ ಬರ್ತೈತೇನು ಅದು? ನೀ ಏಣಿ ಮ್ಯಾಲ ನಿಂತು ಕತ್ತರಸ್ತಿದ್ದಿ, ನಾ ಕೆಳಗ ಏಣಿ ಹಿಡೀತಿದ್ದೆ. ಈಗ ಏಣಿ ಹಿಡ್ಕೊಂಡು ನಿಂದ್ರಲೇನು, ಮ್ಯಾಲ ಯಾರೂ ಇಲ್ಲದ? ಬಾಗಲದಾಗ ಬೂಟು ಬಿಟ್ಟು ಹೋಗೀದಿ. ಹೊರಗಿಟ್ರ ನೀ ಬರಂಗಿಲ್ಲ ಅಂತ ಆಗತೈತಿ, ಇಟಗೊಂಡ್ರ ದಿನಾ ನೋಡಬೇಕಾಗತೈತಿ. ಹೇಳು, ಏನ ಮಾಡ್ಲಿ? ಹೇಳಲೇ!"

ಮರಗಳ ಸಂದಿನಿಂದ ಕಂಡಳು. ಅಕ್ಕ ಒಂದು ಬುಡಮೇಲಾದ ಮರದ ಮುಂದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಡೀಟರ್‌ನಿಗೆ ಬೈಯುತ್ತಿದ್ದಳು, ಅವನಿಗೆ ಒಂದಕ್ಷರವೂ ತಿಳಿಯದಿದ್ದ ಕನ್ನಡದಲ್ಲಿ, ಗದಗಿನ ಓಣಿಯ ಕನ್ನಡದಲ್ಲಿ. ನಾನು ಅಲ್ಲಿಂದ ಹೋಗಬೇಕಿತ್ತು. ಕಾಲು ಎತ್ತಿದರೆ ಒಣಎಲೆ ಸದ್ದು ಮಾಡುತ್ತಿತ್ತು, ನಿಂತರೆ ಎಲ್ಲ ಕೇಳುತ್ತಿತ್ತು. ನಿಂತೆ.

ಇಷ್ಟನ್ನು ಬರೆಯಲು ಅಕ್ಕ ಒಪ್ಪಿದ್ದಾಳೆ. ಅವಳು ಆಮೇಲೆ ಆಡಿದ್ದು ಅವಳದು, ಡೀಟರ್‌ನದು.

ಅಕ್ಕ ಮುಂದೆ ಹೋದ ದಾರಿಯನ್ನೇ ಹಿಡಿದು ನಾನು ತಡವಾಗಿ ಹೊರಟೆ. ಇಬ್ಬರೂ ಬೇರೆ ಬೇರೆಯಾಗಿಯೇ ಗುಡಿಸಲಿಗೆ ಬಂದೆವು. ಅಕ್ಕನ ಕೂದಲಲ್ಲಿ ಎಲೆ ಸಿಕ್ಕಿಕೊಂಡಿತ್ತು, ಮುಖ ಕೆಂಪಾಗಿತ್ತು, ಅತ್ತ ಗುರುತಿರಲಿಲ್ಲ. ಬೆಲ್ಲಾ ಅಜ್ಜಿ ಆಲೂಗಡ್ಡೆ ಸೂಪಿನ ಬಟ್ಟಲು ಸರಿಸಿದಳು. ಅಕ್ಕ ಒಂದು ಚಮಚ ಬಾಯಿಗಿಟ್ಟು ನನ್ನ ಕಡೆ ನೋಡಿದಳು.

"ಉಪ್ಪು ಹಾಕೇ ಇಲ್ಲ ನೋಡು, ಶಾಂತವ್ವಾ."

ಶಾಂತವ್ವ! ನಾನೂ ಒಂದು ಚಮಚ ಬಾಯಿಗಿಟ್ಟು, "ಸಪ್ಪಗ ಐತಿ" ಎಂದೆ. ಅವಳು ಎರಡು ಬಟ್ಟಲು ಕುಡಿದಳು.

ಮನೆಗೆ ಬಂದ ಮೇಲೆ ಲೀಲಾಳ ಫೋನು ಬಂತು. ಕಾಡಿಗೆ ಹೋಗುವ ಸುದ್ದಿಯನ್ನು ನಾನೇ ಅವಳಿಗೆ ಹೇಳಿದ್ದೆ. ಅಕ್ಕ ಸ್ನಾನಕ್ಕೆ ಹೋಗಿದ್ದಳು. "ಕಾಡಿನಲ್ಲಿ ಏನಾಯಿತು? ಮಮ್ಮ ಮಾತಾಡಿದಳಾ?" ಎಂದಳು ಲೀಲಾ.

"ಮಾತಾಡಿದಳು."

"ಏನೆಂದಳು? ಪಪ್ಪನ ಬಗ್ಗೆಯಾ? ನನ್ನ ಬಗ್ಗೆಯಾ? ಚಿಗವ್ವ, ಪ್ಲೀಸ್."

ಹೇಳುವ ಆಸೆ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವಳ ನೋವು ಇಳಿಯುತ್ತಿತ್ತು, ನನ್ನ ಎದೆಯ ಭಾರವೂ ಇಳಿಯುತ್ತಿತ್ತು. ಒಳ್ಳೆಯದಕ್ಕೇ ಅಲ್ಲವೇ? ಆದರೆ ಆ ಮಾತು ನನಗೆಂದು ಆಡಿದ್ದಲ್ಲ, ಕದ್ದು ಕೇಳಿದ್ದು. "ಅದನ್ನ ಅವಳೇ ಹೇಳಬೇಕು, ಲೀಲಾ" ಎಂದೆ.

"ಅವಳು ಹೇಳುವುದಿಲ್ಲ. ಅದಕ್ಕೇ ನಿಮ್ಮನ್ನು ಕರೆಸಿದ್ದು!" ಫೋನು ಕಟ್ಟಾಯಿತು. ಮುಂದಿನ ಎರಡು ದಿನ ನಾನು ಮಾಡಿದ ಕರೆಗಳನ್ನು ಅವಳು ಎತ್ತಲಿಲ್ಲ. ಮಗಳಂಥವಳ ಮನಸ್ಸು ಮುರಿದು ಊರಿಗೆ ಹೋಗುತ್ತೇನೇನೋ ಎಂದು ಅನ್ನ ಸೇರಲಿಲ್ಲ.

ಸಮಾಧಿಯ ತೋಟ

ನಾನು ಹೊರಡುವ ದಿನ ಅಕ್ಕ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ, ಅವನ ಹಂತ್ಯಾಕ ಹೋಗಿ ಬರೂಣು. ಲೀಲಾಗೂ ಬಾ ಅಂದೇನಿ" ಎಂದಳು.

ಇಲ್ಲಿನ ಸ್ಮಶಾನ ತೋಟದ ಹಾಗಿರುತ್ತದೆ. ನೀರಿನ ನಲ್ಲಿಯ ಪಕ್ಕ ಹಸಿರು ಕ್ಯಾನುಗಳನ್ನು ತೂಗುಹಾಕಿರುತ್ತಾರೆ, ಬಂದವರು ತಮ್ಮವರ ಸಮಾಧಿಯ ಗಿಡಗಳಿಗೆ ನೀರು ಹಾಕಿ ಹೋಗುತ್ತಾರೆ. ನಮ್ಮದೂ ಮಣ್ಣು ಕೊಡುವ ಜನವೇ. ನನಗೆ ಹೊಸದೆನಿಸಲಿಲ್ಲ. ನಮ್ಮ ಕಡೆ ಅಮಾವಾಸ್ಯೆಗೆ ಎಡೆ ಹಿಡಿದು ಹೋಗುವಾಗ ಗದ್ದಲವೋ ಗದ್ದಲ, ಇಲ್ಲಿ ಜಲ್ಲಿಯ ಮೇಲೆ ಹೆಜ್ಜೆ ಸದ್ದು ಮಾತ್ರ.

ಲೀಲಾ ಮೊದಲೇ ಬಂದು ನಿಂತಿದ್ದಳು. ನನಗೆ ತಲೆಯಾಡಿಸಿದಳು, ಅಷ್ಟೇ. ಡೀಟರ್‌ನ ಸಮಾಧಿಗೆ ಇನ್ನೂ ಕಲ್ಲು ಹಾಕಿರಲಿಲ್ಲ, ಹೆಸರಿದ್ದ ಮರದ ಶಿಲುಬೆ ಇತ್ತು. ಮಗಳು ನೆಟ್ಟ ನೇರಳೆ ಬಣ್ಣದ ಹೂಗಳ ಮೇಲೆ ಇಬ್ಬನಿ ಕೂತಿತ್ತು.

ಅಕ್ಕ ಕುಕ್ಕರುಗಾಲಿನಲ್ಲಿ ಕೂತು, ಒದ್ದೆ ಮಣ್ಣಿನ ಮೇಲೆ ಅಂಗೈಯಿಟ್ಟಳು.

"ಥಂಡಿ ಹತ್ತೇತೇನೊ?" ಎಂದಳು.

ಲೀಲಾ ನನ್ನ ಕಡೆ ತಿರುಗಿದಳು. "ಏನಂದಳು?" ಎಂದಳು ಇಂಗ್ಲಿಷಿನಲ್ಲಿ.

"ನಿಮ್ಮ ಅವ್ವನ್ನೇ ಕೇಳು."

ಅವಳ ಕಣ್ಣಿನಲ್ಲಿ ಸಿಟ್ಟು ಚಿಮ್ಮಿತು. ಆದರೆ ತಾಯಿಯ ಪಕ್ಕ ಕೂತು ಜರ್ಮನಿನಲ್ಲಿ ಕೇಳಿದಳು. ಅಕ್ಕ ಜರ್ಮನಿನಲ್ಲಿ ಹೇಳಿದಳು. ಲೀಲಾ ತಾನೂ ಮಣ್ಣಿನ ಮೇಲೆ ಅಂಗೈಯಿಟ್ಟಳು. ಆಮೇಲೆ, ಅದನ್ನೇ ನಿನ್ನ ಭಾಷೆಯಲ್ಲಿ ನನಗೂ ಹೇಳಿಕೊಡು ಎಂದಳು. ಜರ್ಮನಿನಲ್ಲೇ ಕೇಳಿದರೂ, ಅವಳು ಕೈಯನ್ನು ಮಣ್ಣಿಗಿಟ್ಟಿದ್ದು ನೋಡಿ ನನಗೂ ಅರ್ಥವಾಯಿತು.

"ಥಂಡಿ... ಹತ್ತೇ... ತೇನೊ?"

"ಏ, ನೀ ಹಂಗನಬಾರ್ದು!" ಅಕ್ಕ ಗದರಿದಳು. "ನಾ 'ಏನೊ' ಅನ್ನಬಹುದು. ನೀ ಮಗಳು. 'ಹತ್ತೇತೇನ್ರಿ, ಅಪ್ಪಾ' ಅನಬೇಕು." ಹೇಳಿದ ಮೇಲೆ, ಮಗಳಿಗೆ ಇದು ತಿಳಿಯುವುದಿಲ್ಲವೆಂದು ಹೊಳೆದು ಜರ್ಮನ್ ಭಾಷೆಗೆ ಇಳಿದಳು. ಆ 'ರಿ' ಎಂಬುದನ್ನು ಜರ್ಮನಿನಲ್ಲಿ ಹೇಗೆ ವಿವರಿಸಿದಳೋ, ಬಹಳ ಹೊತ್ತು ಹಿಡಿಯಿತು. ಕೈ ಮುಗಿದು ತೋರಿಸಿದಳು, ತಲೆ ಬಾಗಿಸಿ ತೋರಿಸಿದಳು. ಲೀಲಾ ಒಮ್ಮೆ ನಕ್ಕಳು. ತಾಯಿ ಮಗಳು ಇಷ್ಟು ಹೊತ್ತು ಒಂದೇ ಸಂಗತಿಯ ಬಗ್ಗೆ ಮಾತಾಡಿದ್ದನ್ನು ನಾನು ಬಂದಮೇಲೆ ನೋಡಿರಲಿಲ್ಲ.

ಕಡೆಗೆ ಲೀಲಾ ಮಣ್ಣಿನ ಕಡೆ ಬಗ್ಗಿ, ಒಂದೊಂದೇ ಅಕ್ಷರ ಜೋಡಿಸಿಕೊಂಡು ಕೇಳಿದಳು:

"ಥಂಡಿ ಹತ್ತೇತೇನ್ರಿ, ಅಪ್ಪಾ?"

ಅಕ್ಕನ ಎದೆಯೊಳಗಿಂದ ಒಂದು ದನಿ ಎದ್ದಿತು. ನಮ್ಮೂರಿನ ಹೆಂಗಸರು ಸತ್ತವರನ್ನು ಕರೆದು, ಅವರ ಒಂದೊಂದು ಗುಣವನ್ನೂ ಹೇಳಿ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ ಅತ್ತಳು. ಏಣಿ ಹತ್ತಿದವನೇ, ಸೇಬು ಉದುರಿಸಿದವನೇ ಎಂದು ಹಾಡಿ ಅತ್ತಳು. ಲೀಲಾ ಅವಳ ಹೆಗಲು ತಬ್ಬಿಕೊಂಡು ತಾನೂ ಅಳತೊಡಗಿದಳು. ಅಂಥ ಸದ್ದನ್ನು ಆ ಸ್ಮಶಾನ ಎಂದೂ ಕೇಳಿರಲಿಕ್ಕಿಲ್ಲ. ಮೂರು ಸಮಾಧಿ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕನೊಬ್ಬ ಬೆಚ್ಚಿ ಈ ಕಡೆ ನೋಡಿದ. ಗದರಿಸುತ್ತಾನೇನೋ ಎಂದು ನಾನು ಅವರಿಬ್ಬರಿಗೆ ಅಡ್ಡವಾಗಿ ನಿಂತೆ. ಅವನು ಕ್ಯಾನನ್ನು ಮೆಲ್ಲಗೆ ನೆಲಕ್ಕಿಟ್ಟು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಕ್ಕನ ಹಾಡು ಮುಗಿಯುವವರೆಗೂ ನಿಂತೇ ಇದ್ದ.